ಆರು ಹೊಂಡ, ಒಂದು ಚುಕ್ಕಿ

ಮಾರ್ಚ್ 4, ಮಂಗಳವಾರ

ಒಂದನೇ ಹೊಂಡ 310. ಎರಡು 295. ಮೂರು 340. ನಾಲ್ಕು 260. ಐದು 330. ಆರು 305. ನಾಲ್ಕರದ್ದೇ ಎಲ್ಲಕ್ಕಿಂತ ಕಡಿಮೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಮೀಟರಿನ ಅಂಕಿ ಏರುತ್ತದೆ, ಅಂದರೆ ನಾಲ್ಕು ಚೆನ್ನಾಗಿದೆ.

ಪ್ರತಿ ಹೊಂಡಕ್ಕೆ ಇಳಿಯುವ ಮೊದಲು ಬೂಟು ಬ್ಲೀಚ್ ನೀರಿನಲ್ಲಿ ಅದ್ದಿ ತೊಳೆದದ್ದಾಯಿತು. ಒಂದು ಹೊಂಡದ ಕಪ್ಪೆ ರೋಗ ನನ್ನ ಬೂಟು ಹತ್ತಿ ಇನ್ನೊಂದಕ್ಕೆ ಹೋಗಬಾರದು ಎಂದು ನಿಯಮ. ಬೆರಳ ಸಂದಿಯಲ್ಲಿ ಚರ್ಮ ಸುಲಿಯುತ್ತಿದೆ. ಕಪ್ಪೆಗಳು ನೂರು ವರ್ಷ ಬಾಳಲಿ, ನಾನು ಹೇಗಾದರೂ ಹಾಳಾಗಿ ಹೋಗಲಿ.

ಮೊಟ್ಟೆ ಇನ್ನೂ ಇಲ್ಲ. ಮೂರರಲ್ಲಿ ಗಂಡುಗಳು ಕೂಗಲು ಶುರು ಮಾಡಿವೆ. ಹಾಡುಹಗಲಲ್ಲೇ. ನಾಚಿಕೆಗೆಟ್ಟವು.

ಮಧ್ಯಾಹ್ನ ಲ್ಯಾಬ್. ಪಕ್ಕದ ಮೇಜಿನವಳು 7.1 ಬರೆಯುವ ಕಡೆ 71 ಬರೆದು ಕೂತಿದ್ದಳು. ಬೈದೆ. "ಚುಕ್ಕಿ ಅಂದ್ರೆ ಪೇಪರ್ ಮೇಲೆ ಕೂತ ಸೊಳ್ಳೆ ಅಂದ್ಕೊಂಡ್ಯೇನೇ?" ಮುಖ ಊದಿಸಿಕೊಂಡಳು. ನನ್ನ ಬೆನ್ನ ಹಿಂದೆ ಎಲ್ಲರೂ ಚುಕ್ಕಿ ಮೇಡಂ ಅನ್ನುತ್ತಾರೆ. ಗೊತ್ತು. ಅನ್ನಲಿ. ಹನ್ನೊಂದು ವರ್ಷ, ಒಂದು ತಪ್ಪಿಲ್ಲ. ಬೇರೆಯವರ ಶೀಟ್ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಹೋಗುತ್ತದೆ, ನನ್ನದು ಹೋಗುವುದಿಲ್ಲ.

ಮಾರ್ಚ್ 11, ಮಂಗಳವಾರ

ನಾಲ್ಕು 275. ಉಳಿದವು ಹಾಗೇ.

ಗ್ಯಾಸ್ ಬಾವಿಯ ಯಂತ್ರದ ಸದ್ದು ನಾಲ್ಕನೇ ಹೊಂಡದವರೆಗೂ ಬರುತ್ತದೆ, ಕಾಲಡಿ ನೆಲ ಗುಂಯ್ ಅನ್ನುತ್ತದೆ. ಬಾವಿ ತೋಡಿದ್ದು ನವೆಂಬರಿನಲ್ಲಿ, ಹೊಂಡದಿಂದ ಇನ್ನೂರು ಮೀಟರ್. ಗ್ಯಾಸ್ ಜೊತೆ ಭೂಮಿಯ ಹೊಟ್ಟೆಯಿಂದ ಉಪ್ಪು ನೀರೂ ಬರುತ್ತದೆ, ಸಮುದ್ರದ ನೀರೂ ಅದರ ಮುಂದೆ ಸಪ್ಪೆ. ಅದನ್ನು ಪ್ಲಾಸ್ಟಿಕ್ ಶೀಟ್ ಹಾಸಿದ ಗುಂಡಿಗೆ ಬಿಡುತ್ತಾರೆ. ಅಲ್ಲಿಂದ ಟ್ಯಾಂಕರಿಗೆ ತುಂಬಿ ದೂರದ ಶುದ್ಧೀಕರಣ ಘಟಕಕ್ಕೆ ಒಯ್ಯುತ್ತಾರೆ. ಆ ಟ್ಯಾಂಕರುಗಳಲ್ಲಿ ಒಂದನ್ನು ಓಡಿಸುವುದು ನಮ್ಮ ಮನೆಯವರು. ಕಂಪನಿಯ ಸಂಬಳ ಇವರಿಗೆ. ಕಂಪನಿ ಹೊಂಡ ಕೆಡಿಸಿದೆಯೋ ಇಲ್ಲವೋ ನೋಡುವ ಸಂಬಳ ನನಗೆ. ಅತ್ತೆ ಹೇಳುವ ಹಾಗೆ, "ನಮ್ಮನೇಲಿ ಕಳ್ಳನೂ ಪೊಲೀಸೂ ಒಂದೇ ತಟ್ಟೇಲಿ ಉಣ್ತಾರೆ."

ಇಬ್ಬರೂ ಊಟಕ್ಕೆ ಕೂತರೆ ಆಫೀಸಿನ ಮಾತಿಲ್ಲ. ಮೊದಲ ದಿನದ ಕರಾರು.

ಮಾರ್ಚ್ 15, ಶನಿವಾರ

ರಜೆ. ಆದರೂ ಹೋದೆ. ಮಳೆ ಬಂದು ನಿಂತಿತ್ತು, ತಡೆಯಲಾಗಲಿಲ್ಲ.

ಮೊಟ್ಟೆ! ಆರೂ ಹೊಂಡಗಳಲ್ಲಿ. ಒಂದರಲ್ಲಿ ಹದಿನಾಲ್ಕು ಗೊಂಚಲು. ಎರಡರಲ್ಲಿ ಒಂಬತ್ತು. ಮೂರರಲ್ಲಿ ಹದಿನೇಳು. ನಾಲ್ಕರಲ್ಲಿ ಇಪ್ಪತ್ತೆರಡು. ಐದರಲ್ಲಿ ಹನ್ನೊಂದು. ಆರರಲ್ಲಿ ಮೂವತ್ತೊಂದು — ಆರು ಯಾವಾಗಲೂ ಮುಂದೆ, ತವರಿನ ಹಾಗೆ ಎಲ್ಲವೂ ಅಲ್ಲಿಗೇ ಬರುತ್ತವೆ. ಗಾಜಿನ ಹಾಗೆ ಲೋಳೆ, ಒಳಗೆ ಕಪ್ಪು ಕಾಳು. ಹನ್ನೊಂದು ವರ್ಷ ನೋಡಿದರೂ ಮೊದಲ ಸಲ ಕಂಡಾಗ ಎದೆ ಒಮ್ಮೆ ಹಾರುತ್ತದೆ. ಯಾರಿಗೂ ಹೇಳುವುದಿಲ್ಲ, ನಗುತ್ತಾರೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಪೇಪರ್ ಓದುತ್ತಿದ್ದೆ. ಅತ್ತೆ ಎದುರಿಗೆ ಕೂತು ನೋಡಿದರು, ನೋಡಿದರು. "ನಿನ್ ಕಣ್ಣು ಚೆನ್ನಾಗೇ ಇದೆ ಕಣಮ್ಮ. ಕೈನೇ ಗಿಡ್ಡ ಆಗಿರೋದು."

ಇವರು ನಕ್ಕು ಟೀ ಚೆಲ್ಲಿಕೊಂಡರು. ನನಗೆ ಸಿಟ್ಟು. ದೂರದ ಬೋರ್ಡು ಓದುತ್ತೇನೆ, ಮರದ ಮೇಲಿನ ಇರುವೆ ಕಾಣುತ್ತದೆ. ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ ಅಂದರೆ ಕನ್ನಡಕವೇ? ನಲವತ್ತೇಳಕ್ಕೆ? ಹಾಕಿಕೊಂಡರೆ ನಮ್ಮ ಚಿಕ್ಕಮ್ಮನ ಹಾಗೇ ಕಾಣುತ್ತೇನೆ. ಬೇಡ.

ಮಾರ್ಚ್ 25, ಮಂಗಳವಾರ

ನಾಲ್ಕು 288. ಉಳಿದವು ಎಂದಿನಂತೆ.

ನಾಲ್ಕರ ಇಪ್ಪತ್ತೆರಡು ಗೊಂಚಲೂ ಬೆಳ್ಳಗಾಗಿವೆ. ಕಾಳು ಕಪ್ಪಾಗಿರಬೇಕು, ಈ ಹೊತ್ತಿಗೆ ಉದ್ದವಾಗಿ ಬಾಲ ಬಂದು ಒಳಗೇ ಮಿಸುಕಬೇಕು. ಇಲ್ಲ. ಬೇಯಿಸಿದ ಸಾಬೂದಾನಿ. ಮೇಲೆ ಹತ್ತಿಯಂಥ ಬೂಷ್ಟು. ಉಳಿದ ಐದೂ ಹೊಂಡಗಳಲ್ಲಿ ಮರಿ ಹೊರಗೇ ಬಂದಿವೆ.

ಇಷ್ಟು ಒಳ್ಳೆಯ ನೀರಿನಲ್ಲಿ ಯಾಕೆ? ಬೂಟಿನ ಬ್ಲೀಚ್ ಸರಿಯಾಗಿ ತೊಳೆಯದೆ ಹೋಯಿತೇ? ನನ್ನ ಕೈಯಾರೆ ಕೊಂದೆನೇ? ಮನೆಗೆ ಬಂದು ಬೂಟಿನ ತಳ ಮೂಸಿ ನೋಡಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮ್ಯಾನೇಜರಿಗೆ ಹೇಳಿದೆ. "ಪ್ರಕೃತಿ ಮೇಡಂ. ಒಂದು ವರ್ಷ ಹಿಂಗೆ, ಒಂದು ವರ್ಷ ಹಂಗೆ. ನೀರು ಚೆನ್ನಾಗಿದೆ ಅಂತ ನೀವೇ ಬರ್ದಿದೀರಲ್ಲ."

ಹೌದು. ನಾನೇ ಬರೆದಿದ್ದೇನೆ.

ಮಾರ್ಚ್ 28, ಶುಕ್ರವಾರ

ವರದಿ ಹೋಯಿತು. ಕಂಪನಿ ಇನ್ನೂ ಮೂರು ಬಾವಿ ಕೇಳಿದೆ, ಆರನೇ ಹೊಂಡದ ಸುತ್ತ. ಅದಕ್ಕೆ ವಿಚಾರಣೆ ಏಪ್ರಿಲ್ 22ಕ್ಕೆ. ನಮ್ಮ ವರದಿಯೇ ಅವರಿಗೆ ಊರುಗೋಲು: ಬಾವಿಯ ಮಗ್ಗುಲಲ್ಲೇ ಇರುವ ನಾಲ್ಕನೇ ಹೊಂಡ ಎಲ್ಲ ಹೊಂಡಗಳಿಗಿಂತ ಶುದ್ಧ.

ಕಂಪನಿಯ ಅಧಿಕಾರಿ ಬಂದಿದ್ದರು. ಎಂಥ ಸೆಕೆಯಲ್ಲೂ ಟೈ ಬಿಚ್ಚದ ಮನುಷ್ಯ, ಲ್ಯಾಬಿನಲ್ಲಿ ಎಲ್ಲರೂ 'ಟೈ' ಅಂತಲೇ ಕರೆಯುವುದು. ನನ್ನ ಮೇಜಿಗೇ ಬಂದು ಕೈ ಕುಲುಕಿದರು. "ನಿಮ್ಮ ಅಂಕಿ ಅಂದ್ರೆ ನಾವು ಕಣ್ಣು ಮುಚ್ಕೊಂಡು ನಂಬ್ತೀವಿ ಮೇಡಂ."

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಏಪ್ರಿಲ್ 5, ಶನಿವಾರ

ಕನ್ನಡಕ ಬಂತು. ಅತ್ತೆಯ ಕಾಟಕ್ಕೆ. ಅವರ ಮಾತ್ರೆ ಚೀಟಿ ಓದಿ, ಒಂದರ ಬದಲು ಎರಡು ಕೊಟ್ಟಿದ್ದೆ ಕಳೆದ ವಾರ. ಏನೂ ಆಗಲಿಲ್ಲ, ಒಂದು ಮಧ್ಯಾಹ್ನ ಚೆನ್ನಾಗಿ ಗೊರಕೆ ಹೊಡೆದರು ಅಷ್ಟೆ. ಎದ್ದವರು, "ಸೊಸೆ ಅತ್ತೇನ ಸಾಯಿಸಿದ್ಳು ಅಂತ ಪೇಪರಲ್ಲಿ ಬಂದ್ರೆ ಅದನ್ನೂ ನೀನು ಓದೋಕಾಗಲ್ಲ" ಅಂದರು.

ಹಾಕಿಕೊಂಡು ಕನ್ನಡಿ ನೋಡಿದೆ. ಚಿಕ್ಕಮ್ಮನೇ.

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 11

ನಾಲ್ಕನೇ ಹೊಂಡದ ಹತ್ತಿರ ಕೂತು ಬರೆಯುತ್ತಿದ್ದೇನೆ.

3.10.

310 ಅಲ್ಲ. ನಡುವೆ ಚುಕ್ಕಿ ಇದೆ. ಮೂಲೆಯಲ್ಲಿ ಸಾಸಿವೆಯಷ್ಟು ಒಂದು m ಇದೆ.

ಹೊಸ ಮೀಟರ್ ಬಂದದ್ದು ಜನವರಿಯಲ್ಲಿ. ಹಳೆಯದು ಎಲ್ಲವನ್ನೂ ಒಂದೇ ಅಳತೆಯಲ್ಲಿ ತೋರಿಸುತ್ತಿತ್ತು. ಇದು ಉಪ್ಪು ಹೆಚ್ಚಾದರೆ ತಾನೇ ದೊಡ್ಡ ಅಳತೆಗೆ ಹಾರುತ್ತದೆ, ಚುಕ್ಕಿ ಇಡುತ್ತದೆ, ಸಾವಿರದ ಲೆಕ್ಕಕ್ಕೆ m ಹಾಕುತ್ತದೆ. 3.10 ಅಂದರೆ ಮೂರು ಸಾವಿರದ ನೂರು. ಅಂದರೆ ಮೊನ್ನೆಯ 288 ಎರಡು ಸಾವಿರದ ಎಂಟುನೂರ ಎಂಬತ್ತು. 260 ಎರಡು ಸಾವಿರದ ಆರುನೂರು. ಜನವರಿಯಿಂದ ಹದಿಮೂರು ಮಂಗಳವಾರ. ಒಂಬತ್ತು ಪಟ್ಟು, ಹತ್ತು ಪಟ್ಟು ಉಪ್ಪು. ಮೊಟ್ಟೆಗಳು ಉಪ್ಪಿನಕಾಯಿ ಆಗಿದ್ದವು. ನಾನು ಬೂಟು ಮೂಸುತ್ತಿದ್ದೆ.

ಏಪ್ರಿಲ್ 13, ಭಾನುವಾರ

ಐದು ದಿನ ಬರೆಯಲಿಲ್ಲ. ಆಫೀಸಿಗೆ ಹೋದೆ, ಬಂದೆ. ಪಕ್ಕದ ಮೇಜಿನವಳು ಶೀಟ್ ತೋರಿಸಿದಳು, ತಿರುಗಿಸಿಯೂ ನೋಡದೆ ಸಹಿ ಹಾಕಿದೆ. ಅವಳಿಗೇ ಗಾಬರಿ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಊರಿಗೆಲ್ಲ ಚುಕ್ಕಿ ಪಾಠ ಹೇಳಿದವಳು. ನಾಚಿಕೆ ಎಂದರೆ ಇಷ್ಟು ನಾಚಿಕೆ, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇವತ್ತು ಇವರಿಗೆ ಹೇಳಿದೆ. ಕರಾರು ಮುರಿದೆ. ಇವರು ಟ್ಯಾಂಕರಿನ ಬೆಲ್ಟ್ ಒರೆಸುತ್ತ ಅಂಗಳದಲ್ಲಿ ಕೂತಿದ್ದರು. ಕೇಳಿ ಬೆಲ್ಟ್ ಪಕ್ಕಕ್ಕಿಟ್ಟರು. ಆಮೇಲೆ:

"ಗುಂಡಿ ಶೀಟ್ ಹರಿದಿದೆ ಕಣೇ. ಡಿಸೆಂಬರಿಂದ."

"ಏನಂದ್ರಿ?"

"ನಾನೇ ನೋಡ್ದೆ. ಹೋಸ್ ಇಳಿಸುವಾಗ. ಮೂಲೇಲಿ ಇಷ್ಟುದ್ದ ಸೀಳು. ಸೂಪರ್‌ವೈಸರ್‌ಗೆ ಹೇಳ್ದೆ, ನೋಡೋಣ ಅಂದ. ಇನ್ನೊಂದು ಸಲ ಹೇಳ್ಬೇಕು ಅಂತಿದ್ದೆ. ಅಷ್ಟ್ರಲ್ಲಿ ನೀನು ನಾಲ್ಕನೇ ಹೊಂಡ ಚೆನ್ನಾಗಿದೆ, ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಅಮ್ಮನ ಹತ್ರ ಹೇಳ್ತಿದ್ದೆ. ಹಂಗಾದ್ರೆ ಸೋರ್ತಿಲ್ಲ ಬಿಡು ಅಂತ ನಾನೂ ಬಿಟ್ಟೆ."

"ನನ್ನ ಕೇಳೋದಲ್ವೇನ್ರೀ ಒಂದು ಮಾತು?"

"ನಿನ್ನ ಅಂಕಿ ಸರಿನಾ ಅಂತ ಕೇಳೋ ಧೈರ್ಯ ಯಾರಿಗಿದೆ ಈ ಮನೇಲಿ?"

ನನ್ನ ಹೊಗಳಿಕೆಯೇ ಇವರ ಬಾಯಿಗೆ ಬೀಗ ಹಾಕಿತ್ತು.

ಏಪ್ರಿಲ್ 14, ಸೋಮವಾರ

ಮ್ಯಾನೇಜರ್ ಬಾಗಿಲು ಹಾಕಿದರು. ಮೊದಲು ನನ್ನ ಮೀಟರ್ ನೋಡಿದರು, ಆಮೇಲೆ ತಮ್ಮ ಕನ್ನಡಕ ತೆಗೆದು ಒರೆಸಿದರು.

"ಯಾರಿಗೆ ಹೇಳಿದೀರಿ?"

"ಮನೇಲಿ."

"ಅಲ್ಲೇ ಇರ್ಲಿ. ಮುಂದಿನ ತಿಂಗಳಿಂದ ಸ್ವಲ್ಪ ಸ್ವಲ್ಪ ಏರಿಸಿಕೊಂಡು ಹೋಗೋಣ. ಆರು ತಿಂಗಳಲ್ಲಿ ಸರಿಯಾದ ಅಂಕಿಗೆ ಬಂದು ನಿಲ್ತೀವಿ. ಯಾರಿಗೂ ನೋವಿಲ್ಲ."

"ಅಷ್ಟರಲ್ಲಿ ಆರನೇ ಹೊಂಡದ ಪಕ್ಕ ಮೂರು ಬಾವಿ, ಮೂರು ಗುಂಡಿ ಆಗಿರುತ್ತೆ ಸಾರ್."

"ಒಂದು ಚುಕ್ಕಿಗೋಸ್ಕರ ಲ್ಯಾಬಿನ ಲೈಸೆನ್ಸ್ ಹೋಗುತ್ತೆ. ನಿಮ್ಮ ಹನ್ನೊಂದು ವರ್ಷದ ಹೆಸರೂ ಹೋಗುತ್ತೆ. ಯೋಚನೆ ಮಾಡಿ." ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಏಪ್ರಿಲ್ 15, ಮಂಗಳವಾರ

ಆರರಲ್ಲಿ ಗೊದಮೊಟ್ಟೆಗಳು ದಂಡೆಯ ಬಿಸಿ ನೀರಿಗೆ ಬಂದು ಕಪ್ಪಗೆ ಮುತ್ತಿವೆ. ಬೆರಳು ಇಟ್ಟರೆ ಬಂದು ಕಚ್ಚಿ ನೋಡುತ್ತವೆ. ಹಲ್ಲಿಲ್ಲದ ಮುದುಕರ ಹಾಗೆ, ಕಚಗುಳಿ. ಎಣಿಸಲಿಕ್ಕೇ ಆಗುವುದಿಲ್ಲ, ಸಾವಿರ ದಾಟಿವೆ.

ನಾಲ್ಕರಲ್ಲಿ ಏನೂ ಇಲ್ಲ. ಸೊಳ್ಳೆ ಮರಿಯೂ ಇಲ್ಲ. ನೀರು ಮಾತ್ರ ತಳ ಕಾಣುವಷ್ಟು ತಿಳಿ.

ಹೇಳುತ್ತೇನೆ. 22ಕ್ಕೆ. ತೀರ್ಮಾನ.

ಏಪ್ರಿಲ್ 21, ಸೋಮವಾರ

ಇವರ ಕೆಲಸದ ಗತಿ? ಕೇಳಿದೆ. "ಡ್ರೈವರಿಗೆ ರಸ್ತೆಗೇನು ಬರ. ನೀನು ಶೀಟ್ ಹರಿದಿದ್ದನ್ನ ಹೇಳ್ಬೇಡ, ಅದನ್ನ ನಾನೇ ಬರ್ದು ಕೊಡ್ತೀನಿ. ನಿಂದು ನೀನು ಹೇಳು." ಒಂದು ಹಾಳೆಯಲ್ಲಿ ಬರೆದಿದ್ದರು. ನಾಲ್ಕು ಸಾಲು, ಆರು ಕಾಗುಣಿತದ ತಪ್ಪು. ತಿದ್ದಲಿಲ್ಲ.

ಅತ್ತೆ: "ತಪ್ಪು ಮಾಡಿದ್ದು ಒಂದ್ಸಲ. ಒಪ್ಕೊಳ್ಳೋಕೆ ಇಷ್ಟೊಂದು ಸಲ ಸೀರೆ ಬದಲಾಯಿಸ್ತೀಯಲ್ಲೇ."

ಏಪ್ರಿಲ್ 22, ಮಂಗಳವಾರ. ಸಂಜೆ

ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ, ಇಲ್ಲವಾದರೆ ತಲೆ ಓಡುವುದಿಲ್ಲ.

ಹಾಲ್ ತುಂಬ ಜನ. ವಿಚಾರಣೆಯ ಅಧ್ಯಕ್ಷೆ ದಪ್ಪ ಫೈಲು ಇಟ್ಟುಕೊಂಡ ತೆಳ್ಳನೆ ಹೆಂಗಸು. ನನ್ನ ಸರದಿ ಬಂದಾಗ ಮೀಟರ್ ಮೇಜಿನ ಮೇಲಿಟ್ಟೆ, ನಾಲ್ಕನೇ ಹೊಂಡದ ನೀರಿನ ಬಾಟಲಿ ಇಟ್ಟೆ, ಅಳೆದು ತೋರಿಸಿದೆ. ನನ್ನ ತಪ್ಪು ಎಂದೆ. ಹದಿಮೂರು ವಾರ, ಹದಿಮೂರು ಅಂಕಿ, ಎಲ್ಲವೂ ತಪ್ಪು. ಧ್ವನಿ ನಡುಗಲಿಲ್ಲ. ಇವರ ಕಾಗದವನ್ನೂ ಕೊಟ್ಟೆ. ಗುಂಡಿ ಪರಿಶೀಲನೆಗೆ ಆಜ್ಞೆಯಾಯಿತು. ಅಷ್ಟು ಗೆದ್ದೆವು.

ಆಮೇಲೆ ಟೈ ಎದ್ದರು. ನಯವಾಗಿ.

"ಕನ್ನಡಕ ಯಾವತ್ತು ತಗೊಂಡ್ರಿ ಮೇಡಂ?"

"ಏಪ್ರಿಲ್ ಐದು."

"ಯಾವಾಗಿಂದ ಬೇಕಾಗಿತ್ತು?"

"...ಗೊತ್ತಿಲ್ಲ."

"ಎರಡು ವರ್ಷದಿಂದ ಇರಬಹುದಾ? ಮೂರು?"

"ಇರಬಹುದು."

"ಕಪ್ಪೆ ಮೊಟ್ಟೆ ಎಣಿಸಿದ್ದೂ ಅದೇ ಕಣ್ಣಲ್ಲೇ ಅಲ್ವಾ?"

ಹಾಲ್ ನಕ್ಕಿತು. "ಹೊಂಡ ದೂರದಲ್ಲಿರುತ್ತೆ ಸಾರ್, ಮೀಟರ್ ಕೈಯಲ್ಲಿರುತ್ತೆ. ನಂಗೆ ದೂರದ್ದು ಚೆನ್ನಾಗಿ ಕಾಣುತ್ತೆ" ಎಂದೆ. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ, ಬರೆದುಕೊಳ್ಳುವವನೂ ಬರೆದುಕೊಳ್ಳಲಿಲ್ಲ.

ಆಜ್ಞೆ: ನನ್ನ ಅಂಕಿಗಳೆಲ್ಲ ರದ್ದು. ನೀರಿನದೂ, ಮೊಟ್ಟೆಯದೂ. ಹನ್ನೊಂದು ವರ್ಷದ್ದೂ. ಆ ಹೊಂಡಗಳನ್ನು ಇನ್ಯಾರೂ ಎಣಿಸಿಯೇ ಇಲ್ಲ. ಹಾಗಾಗಿ ಸರ್ಕಾರಿ ಕಾಗದದ ಪ್ರಕಾರ ಇವತ್ತಿನಿಂದ ಅಲ್ಲಿ ಯಾವತ್ತೂ ಕಪ್ಪೆ ಇರಲೇ ಇಲ್ಲ.

ಮೂರು ಬಾವಿಯ ವಿಷಯ: ಹೊರಗಿನ ತಜ್ಞರೊಬ್ಬರು ಒಂದು ದಿನ ಬಂದು ಆರನೇ ಹೊಂಡ ಎಣಿಸಬೇಕು. ನೀರಿನಲ್ಲಾಗಲಿ, ನೀರಿನ ಅಂಚಿನಿಂದ ಹತ್ತು ಮೀಟರ್ ದೂರದೊಳಗಾಗಲಿ ಐವತ್ತು ಗೊದಮೊಟ್ಟೆಯೋ ಮರಿಯೋ ಕಂಡರೆ ಅರ್ಧ ಕಿಲೋಮೀಟರ್ ಒಳಗೆ ಬಾವಿ ಇಲ್ಲ. ಕಾಣದಿದ್ದರೆ ಮೂರೂ ಬಾವಿಗೆ ಒಪ್ಪಿಗೆ.

ಸಂತೋಷದಿಂದ ಕಿರುಚಬೇಕು ಅನ್ನಿಸಿತು. ಐವತ್ತೇ? ನಾಳೆ ಬಂದರೆ ಒಂದು ಬೊಗಸೆಯಲ್ಲಿ ಐವತ್ತು ಸಿಗುತ್ತವೆ.

ತಜ್ಞರು ಬಿಡುವಾಗುವುದು ಮೇ 20ಕ್ಕೆ.

ಏಪ್ರಿಲ್ 23, ಬುಧವಾರ

ಸಸ್ಪೆಂಡ್. ಗೇಟ್ ಪಾಸ್ ಕಿತ್ತುಕೊಂಡರು.

ಲೆಕ್ಕ ಹಾಕಿದೆ. ಆರರಲ್ಲಿ ಮರಿ ಹೊರಬಂದದ್ದು ಮಾರ್ಚ್ 23ರ ಹೊತ್ತಿಗೆ. ಸೆಕೆ ಹೀಗೇ ಇದ್ದರೆ ಏಳು ವಾರಕ್ಕೆ ನಾಲ್ಕು ಕಾಲು. ಕಾಲು ಬಂದರೆ ನೀರಲ್ಲಿ ಯಾಕಿರುತ್ತವೆ? ಮೇ ಹನ್ನೆರಡಕ್ಕೇ ಗಂಟುಮೂಟೆ ಕಟ್ಟುತ್ತವೆ. ಇಪ್ಪತ್ತಕ್ಕೆ ತಜ್ಞರು ಬಂದು ಖಾಲಿ ಹೊಂಡ ನೋಡಿ ಸೊನ್ನೆ ಬರೆದು ಹೋಗುತ್ತಾರೆ. ಟೈಗೆ ಇದು ಗೊತ್ತಿಲ್ಲದೆ ಇರುತ್ತದೆಯೇ.

ಅಧ್ಯಕ್ಷೆಗೆ ಕಾಗದ ಬರೆದೆ, ಬೇಗ ಬರಲಿ ಎಂದು. ಯಾರ ಕಾಗದ? ಅಂಕಿ ರದ್ದಾದವಳ ಕಾಗದ.

ಮೇ 1, ಗುರುವಾರ

ಉತ್ತರವಿಲ್ಲ. ದಿನವೂ ಹೋಗುತ್ತೇನೆ. ಆರನೇ ಹೊಂಡದ ಪಕ್ಕದಲ್ಲೇ ರಸ್ತೆ, ನಡುವೆ ಕಂಪನಿಯ ತಂತಿ ಬೇಲಿ. ರಸ್ತೆ ಯಾರಪ್ಪನದೂ ಅಲ್ಲ. ಬೇಲಿಗೆ ಮುಖವಿಟ್ಟು ನೋಡುತ್ತೇನೆ. ದೂರದ್ದು ಚೆನ್ನಾಗಿ ಕಾಣುತ್ತದೆ ನನಗೆ.

ಗೇಟಿನ ಗಾರ್ಡ್: "ಏನಮ್ಮಾ ದಿನಾ? ಏನಾದ್ರೂ ಬೀಳಿಸ್ಕೊಂಡ್ರಾ?"

"ಹ್ಞೂಂ. ಮಾನ."

ಪಾಪ, ಒಂದು ಕ್ಷಣ ನೆಲ ನೋಡಿದ.

ಮೇ 6, ಮಂಗಳವಾರ

ಹಿಂಗಾಲು ಬಂದಿವೆ. ಎಲ್ಲಕ್ಕೂ. ಅಯ್ಯೋ ದೇವರೇ, ಇಷ್ಟು ಬೇಗ ಯಾಕೆ. ಹನ್ನೊಂದು ವರ್ಷ ಬೇಗ ಬೆಳೀರೋ ಎಂದು ಕಾದವಳು ನಾನು. ಈಗ ಬೇಲಿಯಾಚೆಯಿಂದ ಬೇಡಿಕೊಳ್ಳುತ್ತಿದ್ದೇನೆ — ಹದಿನಾಲ್ಕು ದಿನ ಕಣ್ರೋ, ಬಾಲ ಇಟ್ಕೊಂಡಿರ್ರೋ, ಬಾಲ ಇದ್ದರೆ ಅವಮಾನವೇನಿಲ್ಲ.

ಇವರು ಇನ್ನೂ ಕೆಲಸದಲ್ಲಿದ್ದಾರೆ. ಗುಂಡಿಯ ಪರಿಶೀಲನೆ ಮುಗಿಯುವವರೆಗೆ ಕಾಗದ ಬರೆದವನನ್ನು ತೆಗೆಯುವಂತಿಲ್ಲವಂತೆ. ಆದರೆ ಒಂದು ಸಣ್ಣ ತಪ್ಪಿಗೆ ಕಾಯುತ್ತಿದ್ದಾರೆ. ಐದು ನಿಮಿಷ ತಡವಾದರೂ ನೋಟೀಸ್.

ಮೇ 10, ಶನಿವಾರ

ಮೋಡ! ತಂಪು ಗಾಳಿ. ತಂಪಾದರೆ ನಿಧಾನ ಬೆಳೆಯುತ್ತವೆ. ಅತ್ತೆ ಬಟ್ಟೆ ಒಣಗುತ್ತಿಲ್ಲ ಎಂದು ಮೋಡಕ್ಕೆ ಶಾಪ ಹಾಕುತ್ತಿದ್ದಾರೆ. "ಅತ್ತೆ, ಬೈಬೇಡಿ" ಎಂದೆ. ವಿಷಯ ಹೇಳಿದೆ. ಬೈಗುಳ ನಿಲ್ಲಿಸಿ, ಒದ್ದೆ ಬಟ್ಟೆಯನ್ನೆಲ್ಲ ಮನೆಯೊಳಗೆ ಹಗ್ಗ ಕಟ್ಟಿ ಹರವಿದರು.

ಮೇ 15, ಗುರುವಾರ

ಇನ್ನೂ ತಂಪು. ಮುಂಗಾಲು ಬಂದದ್ದು ಕೆಲವಕ್ಕೆ ಮಾತ್ರ. ಬಾಲ ಇದೆ. ಭಲೇ.

ಮೇ 17, ಶನಿವಾರ

ಬಿಸಿಲು. ಹಾಳು ಬಿಸಿಲು.

ಮೇ 18, ಭಾನುವಾರ

ಹೊಂಡದ ಸುತ್ತ ಹುಲ್ಲು ಕತ್ತರಿಸುತ್ತಿದ್ದಾರೆ. ಭಾನುವಾರ, ನಾಲ್ಕು ಆಳು, ಮೆಷಿನ್ನು. ದಂಡೆ ಪೂರ್ತಿ ಬೋಳು. ಗಾರ್ಡನ್ನು ಕೇಳಿದೆ. "ಸಾಹೇಬ್ರು ಬರ್ತಾರಲ್ಲ, ಸ್ವಚ್ಛ ಇರ್ಲಿ ಅಂತ."

ಮರಿ ನೀರಿನಿಂದ ಮೇಲೆ ಬಂದರೆ ಮೊದಲು ಬೇಕಾದದ್ದು ಹುಲ್ಲಿನ ನೆರಳು. ಈಗ ಹುಲ್ಲಿರುವುದು ರಸ್ತೆಯ ಈಚೆ ಬದಿಯಲ್ಲಿ ಮಾತ್ರ.

ಮೇ 19, ಸೋಮವಾರ

ಸಂಜೆ ಜೋರು ಮಳೆ ಶುರು. ಇದಕ್ಕೇ ಕಾಯುತ್ತಿರುತ್ತವೆ. ಮಳೆ ಬಿದ್ದರೆ ಒಂದೂ ನೀರಿನಲ್ಲಿ ನಿಲ್ಲುವುದಿಲ್ಲ. ಒಂದೇ ದಿನ. ಒಂದು ದಿನ ತಡೆದಿದ್ದರೆ.

ಊಟ ಸೇರಲಿಲ್ಲ. ಇವರು ತಟ್ಟೆ ಮುಂದಿಟ್ಟು, "ನಾಳೆ ನನ್ನ ಮೊದಲ ಟ್ರಿಪ್ ಹತ್ತೂವರೆಗೆ ಆ ರಸ್ತೇಲೇ" ಎಂದರು. ಸುಮ್ಮನೆ ಹೇಳಿದರು ಅಂದುಕೊಂಡೆ.

ಮೇ 20, ಮಂಗಳವಾರ. 8.10

ಬೇಲಿಯ ಹತ್ತಿರ. ಮಳೆ ನಿಂತಿದೆ, ಮೋಡ ಇದೆ. ಹೊಂಡದ ನೀರು ಅಲುಗುತ್ತಿಲ್ಲ. ಬೋಳು ದಂಡೆ. ಏನೂ ಕಾಣುವುದಿಲ್ಲ.

9.20

ತಜ್ಞರು ಬಂದರು. ಪ್ರಾಣಿಶಾಸ್ತ್ರದ ನಿವೃತ್ತ ಮೇಷ್ಟ್ರಂತೆ, ಎಪ್ಪತ್ತು ದಾಟಿದವರು. ಮಂಡಿಗೆ ಪಟ್ಟಿ. ಕುತ್ತಿಗೆಗೆ ಸುರುಳಿ ಸುತ್ತಿದ ಉದ್ದನೆಯ ಅಳತೆ ಟೇಪು, ದರ್ಜಿಯ ಹಾಗೆ. ಟೈ ಛತ್ರಿ ಹಿಡಿದು ಪಕ್ಕದಲ್ಲಿ. ನಾನು ಕೈ ಮುಗಿದೆ. ಮೇಷ್ಟ್ರು ಮುಗಿದರು. ಟೈ ಮುಗಿಯಲಿಲ್ಲ.

9.55

ಬಲೆ ಹನ್ನೆರಡು ಸಲ ಎಳೆದರು. ಎದ್ದದ್ದು ಹನ್ನೊಂದು ಗೊದಮೊಟ್ಟೆ. ಬೋಳು ದಂಡೆ ಸುತ್ತಿ ಬಂದರು. ಎರಡು. ಒಟ್ಟು ಹದಿಮೂರು. ಟೈ ಗಡಿಯಾರ ನೋಡುತ್ತಿದ್ದಾರೆ.

ಮೇಷ್ಟ್ರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮುಗಿಯಿತು.

10.15

ಇಲ್ಲಿವೆ.

ನನ್ನ ಚಪ್ಪಲಿಯ ಸುತ್ತ. ರಸ್ತೆಯ ತುಂಬ. ಹೆಬ್ಬೆರಳ ಉಗುರಿನಷ್ಟು, ಮಣ್ಣಿನ ಬಣ್ಣ, ಒಂದೊಂದಕ್ಕೆ ಬಾಲದ ಮೋಟು ಇನ್ನೂ ಇದೆ. ಬೇಲಿಯ ಕೆಳಗಿನಿಂದ ಹಾರಿ ಹಾರಿ ಬಂದು ಈಚೆಯ ಹುಲ್ಲಿಗೆ ಹೋಗುತ್ತಿವೆ. ಕನ್ನಡಕ ಹಾಕಿದ ಮೇಲೆ ಕಂಡವು. ನೂರಾರು. ಕಾಲು ಎತ್ತಲು ಭಯ.

"ಮೇಷ್ಟ್ರೇ! ಇಲ್ಲಿ ಬನ್ನಿ! ಕೆಳಗೆ ನೋಡಿ!" ಕೂಗಿದೆ. ಅವರು ತಿರುಗಿದರು. ಟೈ ಅವರ ಕಿವಿಯಲ್ಲಿ ಏನೋ ಹೇಳಿದರು. ಕಾರಿನ ಕಡೆ ಹೊರಟರು.

10.25

ಮೊದಲ ಟ್ಯಾಂಕರ್ ಹೋಯಿತು. ಕೈ ಅಡ್ಡ ಹಿಡಿದೆ, ನಿಲ್ಲಿಸಲಿಲ್ಲ. ಚಕ್ರದ ಎರಡು ಗುರುತಿನಲ್ಲಿ... ಬರೆಯುವುದಿಲ್ಲ. ಊಟದ ಡಬ್ಬಿಯ ಮುಚ್ಚಳದಲ್ಲಿ ಎತ್ತಿ ಎತ್ತಿ ಹುಲ್ಲಿಗೆ ಬಿಟ್ಟೆ. ಎಷ್ಟು ಎತ್ತಲಿ.

ಎರಡನೆಯದು ತಿರುವಿನಲ್ಲಿ ಕಾಣುತ್ತಿದೆ. ನಮ್ಮದೇ.

10.35

ಇವರು ಟ್ಯಾಂಕರನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದಾರೆ. ಇಂಜಿನ್ ಆಫ್. ಕೀಲಿ ಜೇಬಿನಲ್ಲಿ. ಹಿಂದೆ ಮೂರು ಟ್ಯಾಂಕರು ಒಂದೇ ಸಮ ಹಾರ್ನ್ ಹೊಡೆಯುತ್ತಿವೆ. ಸೂಪರ್‌ವೈಸರ್ ಫೋನಿನಲ್ಲಿ ಕಿರುಚುವುದು ನನಗೂ ಕೇಳುತ್ತಿದೆ. ಇವರು ಫೋನು ಸೀಟಿನ ಮೇಲಿಟ್ಟು ಇಳಿದು ಬಂದರು.

"ಕೆಲಸ ಹೋಯ್ತು ನಿಮ್ದು" ಎಂದೆ.

"ಹೋದ್ರೆ ಹೋಯ್ತು. ಹಾರ್ನಿಗಾದ್ರೂ ಬರ್ತಾರಾ ನೋಡು ನಿನ್ನ ಮೇಷ್ಟ್ರು."

ಬರುತ್ತಿದ್ದಾರೆ. ಕಾರಿನ ಬಾಗಿಲು ತೆಗೆದವರು ವಾಪಸು ಬರುತ್ತಿದ್ದಾರೆ.

10.45

ಟೈ: "ಇದು ರಸ್ತೆ ಸಾರ್. ಹೊಂಡ ಅಲ್ಲ."

ಮೇಷ್ಟ್ರು ಕುತ್ತಿಗೆಯ ಟೇಪು ತೆಗೆದು ಒಂದು ತುದಿ ಟೈ ಕೈಗೇ ಕೊಟ್ಟು ನೀರಿನ ಅಂಚಿಗೆ ಕಳಿಸಿದರು. ಇನ್ನೊಂದು ತುದಿ ಬೇಲಿಯ ಸಂದಿಯಲ್ಲಿ ತೂರಿಸಿ, ಗೇಟು ಸುತ್ತಿ ಈಚೆ ಬಂದು ರಸ್ತೆಯ ನಡುವಿನವರೆಗೆ ಎಳೆದರು. ಎಂಟು ಮೀಟರ್ ನಲವತ್ತು. ಹತ್ತರ ಒಳಗೇ.

ನೋಯುವ ಮಂಡಿಯನ್ನೇ ಊರಿ ಕೂತರು. ಹದಿಮೂರರ ಪಕ್ಕಕ್ಕೆ ಗೀಟು ಹಾಕಲು ಶುರು ಮಾಡಿದ್ದಾರೆ, ಐದೈದಾಗಿ. ನಾನು ಬಾಯಿಬಿಟ್ಟು ಎಣಿಸಬಾರದು, ಬಾಯಿ ಮುಚ್ಚಿಕೊಂಡಿದ್ದೇನೆ. ಇವರು ಎರಡು ಕೈ ಚಾಚಿ ಹಿಂದಿನ ಡ್ರೈವರುಗಳನ್ನು ತಡೆದು ನಿಂತಿದ್ದಾರೆ. ಹದಿನೆಂಟು. ಇಪ್ಪತ್ತಮೂರು. ಇಪ್ಪತ್ತೆಂಟು. ಒಂದು ಅವರ ಶೂ ಮೇಲೇ ಹತ್ತಿ ಕೂತಿದೆ, ಅದನ್ನೂ ಎಣಿಸಿದರು. ಮೂವತ್ತೆಂಟು. ನಲವತ್ತಮೂರು—

ಗೀಟು ಮೂಡುತ್ತಿಲ್ಲ. ಪೆನ್ನು ಕೊಡವುತ್ತಿದ್ದಾರೆ. ಟೈ ಜೇಬಿನಲ್ಲಿ ಎರಡು ಪೆನ್ನಿವೆ, ಅವರು ಆಕಾಶ ನೋಡುತ್ತಿದ್ದಾರೆ. ಮೇಷ್ಟ್ರು ತಲೆ ಎತ್ತದೆ ನನ್ನ ಕಡೆಗೇ ಕೈ ಚಾಚಿದ್ದಾರೆ, "ನಿಮ್ಮದು ಕೊಡೀಮ್ಮಾ ಬೇಗ, ಹಾರ್ಕೊಂಡು ಹೋಗ್ತಾವೆ" — ಕೊಡು